ಸಂಕಲನ ಮುಗಿಸುತ್ತಿರುವ ನನ್ನ ಅನುಭವ: ಬೆಲ್ಲ-ನೀರು ಮೊದಲು, ಊಟ ಆಮೇಲೆ

ದಪ್ಪ ಕಥಾಸಂಕಲನಗಳನ್ನು ಅರ್ಧಕ್ಕೇ ಬಿಟ್ಟವರಲ್ಲಿ ನಾನೂ ಒಬ್ಬ. ಹತ್ತು ವರ್ಷಗಳಲ್ಲಿ ಆರು ಕೊಂಡೆ, 2,500 ರೂಪಾಯಿ ಹೋಗಿರಬೇಕು. ಒಂದೂ ನೂರು ಪುಟ ದಾಟಲಿಲ್ಲ. ಈಗ ಏಳನೆಯದು, 38 ಕತೆ, 14 ಲಲಿತ ಪ್ರಬಂಧ (ಹರಟೆಯಂಥ ಹಗುರ ಬರಹ) ಇರುವುದು, ಹಾಸನದ ನಮ್ಮ ಮನೆಯ ಜಗುಲಿಯಲ್ಲಿ ಒಂಬತ್ತು ಜನರ ಮುಂದೆ ಮುಗಿಯುತ್ತಾ ಬಂದಿದೆ. ವಾರಕ್ಕೊಮ್ಮೆ ಗಟ್ಟಿಯಾಗಿ ಓದುತ್ತಾ ಇಲ್ಲಿಗೆ ಬಂದಿದ್ದೇವೆ.

ಶುರುಮಾಡಿದಾಗ ನಿವೃತ್ತ ಅಧ್ಯಾಪಕರೊಬ್ಬರು "ಸಣ್ಣಕತೆ ಒಬ್ಬನೇ ಕೂತು ಓದೋದು ಕಣಪ್ಪ, ಹರಿಕಥೆ ಅಲ್ಲ" ಅಂದರು. ನಾಲ್ಕು ತಿಂಗಳು ಅವರ ಮಾತೇ ಗೆದ್ದಿತು.

ಮೊದಲ ತಪ್ಪು, ಸಂಪಾದಕರು ಇಟ್ಟ ಕ್ರಮದಲ್ಲೇ ಹೋದದ್ದು. ಕಾಲಾನುಕ್ರಮ ಪಾಠ ಮಾಡುವವರಿಗೆ ಸರಿ. ಕೇಳುವವರಿಗೆ ಒಂದೇ ಕಾಲದ ನಾಲ್ಕು ಕತೆ ಸಾಲಾಗಿ ಬಂದರೆ ಯಾವ ವಿಧವೆ ಯಾವ ಕತೆಯವಳು ಅನ್ನೋದೇ ಕಲಸಿಹೋಗುತ್ತದೆ. ಎರಡನೆಯದು ಜೆರಾಕ್ಸು: 18 ಪುಟದ ಕತೆ, ಹನ್ನೆರಡು ಪ್ರತಿ, ಸುಮಾರು 430 ರೂಪಾಯಿ. ಓದಿಕೊಂಡು ಬಂದವರು ಇಬ್ಬರು. ಆಮೇಲೆ 600 ರೂಪಾಯಿ ಬಾಡಿಗೆಗೆ ಮೈಕು ತಂದೆ. ಮೈಕಿನಲ್ಲಿ ಕತೆ ಭಾಷಣವಾಗಿಬಿಡ್ತು. ಅವತ್ತು ರಾತ್ರಿ ನಿಜವಾಗಿ ಬೇಜಾರಾಗಿತ್ತು.

ದಾರಿ ಸಿಕ್ಕಿದ್ದು ಪ್ರಬಂಧದಿಂದ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡ್ತೀವಲ್ಲ, ಹಾಗೆ ಪ್ರಬಂಧ ಮೊದಲು, ಕತೆ ಆಮೇಲೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ನಮ್ಮ ಎಮ್ಮೆಗೆ ಮಾತು ತಿಳಿಯುವುದೇ' ಓದಿದ ಸಂಜೆ ಜಗುಲಿ ಪೂರ್ತಿ ನಕ್ಕಿತು. ಅವರ ಊರು ಗೊರೂರು ನಮಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಮಾತೆಲ್ಲ ನಮ್ಮದೇ. ನಗು ಇಳಿಯುವ ಮೊದಲೇ ಬೆಸಗರಹಳ್ಳಿ ರಾಮಣ್ಣನವರ 'ಗಾಂಧಿ' ಎತ್ತಿಕೊಂಡೆ. ಆಸ್ಪತ್ರೆಯನ್ನು ಒಳಗಿನಿಂದ ಬಲ್ಲ ವೈದ್ಯರು ಬರೆದ ಕತೆ. ಮುಗಿದ ಮೇಲೆ ಯಾರೂ ಲೋಟ ಮುಟ್ಟಲಿಲ್ಲ. ಅವತ್ತಿನಿಂದ ಒಂದು ನಿಯಮ: ಕತೆಯಾದ ಹತ್ತು ನಿಮಿಷ ಚರ್ಚೆ ಇಲ್ಲ.

ಪ್ರಬಂಧ 14 ಮಾತ್ರ, ಹಾಗಾಗಿ ಒಂದೊಂದನ್ನು ಎರಡು-ಮೂರು ವಾರಕ್ಕೆ ಹಂಚಿದೆ. ಲಲಿತ ಪ್ರಬಂಧ ಎಲ್ಲಿ ನಿಲ್ಲಿಸಿದರೂ ಕೆಡುವುದಿಲ್ಲ. ಕತೆಯನ್ನು ಮಾತ್ರ ಕತ್ತರಿಸಬಾರದು. ಯಾವ ಪ್ರಬಂಧಕ್ಕೆ ಯಾವ ಕತೆ ಜೋಡಿ ಅನ್ನುವ ಪಟ್ಟಿ ನನ್ನ ಹತ್ತಿರವೇ ಇರಲಿ, ಅದಕ್ಕೆ ಆರು ತಿಂಗಳು ಹಿಡಿದಿದೆ.

ಇನ್ನೊಂದು ಪ್ರಯೋಗ ಬಾಯಿ ಬದಲಿಸುವುದು. ದೇವನೂರ ಮಹಾದೇವರ 'ಅಮಾಸ' ಕತೆಯನ್ನು ಮೊದಲ ಸಲ ನಾನೇ ಓದಿದೆ. ಅರ್ಥ ಮುಟ್ಟಿತು, ದನಿ ಮುಟ್ಟಲಿಲ್ಲ. ನಮ್ಮ ಬೀದಿಯಲ್ಲಿ ವೈರಿಂಗ್ ಮಾಡುವ ಹುಡುಗ ನಂಜನಗೂಡಿನ ಕಡೆಯವನು, ಕತೆಯ ಮಾತೂ ಆ ಕಡೆಯದೇ. ಮುಂದಿನ ವಾರ ಅವನ ಕೈಗೆ ಪುಸ್ತಕ ಕೊಟ್ಟೆ. ಕತೆಯ ಮುದುಕ ಕುರಿಯಯ್ಯ ಬಾಯಿ ಬಿಟ್ಟದ್ದೇ ತಡ, ಎಲ್ಲರೂ ಮುಂದಕ್ಕೆ ಸರಿದು ಕೂತರು. ಅಮಾಸನ ಹುಲಿವೇಷ ಬಂದಾಗ ಹುಡುಗ ತಾನಾಗಿ ಎದ್ದು ನಿಂತು ಓದಿದ. ಅವನು ಶಾಲೆ ಬಿಟ್ಟ ಮೇಲೆ ಹಿಡಿದ ಮೊದಲ ಪುಸ್ತಕವಂತೆ ಅದು. ಧಾರವಾಡದ ಕತೆಗಳಿಗೂ ಆ ಕಡೆಯಿಂದ ಬಂದ ಸೊಸೆಯೊಬ್ಬಳು ಸಿಕ್ಕಿದ್ದಾಳೆ.

ಕರೆಂಟು ಹೋದಾಗ ಲಾಟೀನು ಬೆಳಕಲ್ಲೂ ಓದಿ ನೋಡಿದೆವು. ಕೇಳುವವರಿಗೆ ಸೊಗಸು, ಓದುವವನ ಕಣ್ಣಿಗೆ ಶಿಕ್ಷೆ. ಎರಡೇ ವಾರಕ್ಕೆ ಬಿಟ್ಟೆವು.

ಖರ್ಚು? ವಾರಕ್ಕೆ ಟೀ, ಕಡಲೆಕಾಯಿ ಸೇರಿ 150, ನಲವತ್ತು ವಾರಕ್ಕೆ ಆರು ಸಾವಿರದ ಹತ್ತಿರ. ಆದರೆ ಕೇಳಲು ಬಂದವರು ತಾವಾಗಿ ಮೂವತ್ತಕ್ಕೂ ಹೆಚ್ಚು ಪುಸ್ತಕ ಕೊಂಡಿದ್ದಾರೆ. ಇದನ್ನು ಹೆಮ್ಮೆಯಿಂದಲೇ ಹೇಳ್ತೀನಿ.

ಅಧ್ಯಾಪಕರಿಗೆ ನಾನು ಉತ್ತರ ಕೊಟ್ಟದ್ದು ಮಾಸ್ತಿಯವರ 'ರಂಗನ ಮದುವೆ'ಯಿಂದ. ಹೊಸಹಳ್ಳಿ ಭೂಪಟದಲ್ಲಿಲ್ಲ ಅಂತ ಎದುರಿಗಿರುವವರ ಮುಖ ನೋಡಿಯೇ ಶುರುವಾಗುವ ಕತೆ ಅದು, ಕೇಳಿಸಿಕೊಳ್ಳಲಿಕ್ಕೆಂದೇ ಹುಟ್ಟಿದ್ದು. ಮೂಲೆಯಲ್ಲಿ ಕೂತು ಕೇಳಿದರು, ಏನೂ ಹೇಳದೆ ಎದ್ದು ಹೋದರು. ಮರುವಾರ ಕನ್ನಡಕದ ಪೆಟ್ಟಿಗೆ ಹಿಡಿದು ಬಂದರು.

ಇನ್ನು ಉಳಿದಿರುವುದು ಆರು ಕತೆ, ಎರಡು ಪ್ರಬಂಧ. ಬರುವ ಭಾನುವಾರದ ಕತೆಯನ್ನು ಅವರೇ ಓದುತ್ತಾರೆ.