ಅವ್ವನ ಎದೆಯ ಕವಾಟ ಗಟ್ಟಿಯಾದಾಗ

ಶಹಾಬಾದಿನ ನಮ್ಮ ಮನೆಯಲ್ಲಿ ಹೀಟರಿನ ರಾಡಿಗೆ ತಿಂಗಳಾಗುವಷ್ಟರಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲಾದ ಮಹಾಪಧಮನಿಯ ಕವಾಟದಲ್ಲೂ ಅವ್ವನಿಗೆ ಕ್ಯಾಲ್ಸಿಯಂ ಕಟ್ಟಿದೆ ಎಂದು ಎಕೋದಲ್ಲಿ (ಹೃದಯದ ಸ್ಕ್ಯಾನಿನಲ್ಲಿ) ಬಂದಾಗ ಓಣಿಯವರೆಲ್ಲ ನೀರನ್ನೇ ಬೈದರು. ಅವ್ವ ಎಲೆಗೆ ಸುಣ್ಣ ಹಚ್ಚುವುದು ಬಿಟ್ಟಳು, ಹಾಲನ್ನೂ ಬಿಟ್ಟಳು.

ಹಾಲು ಬಿಡಿಸಬೇಡಿ. ಕುಡಿದ ನೀರಿನ ಸುಣ್ಣ ನೇರ ಹೋಗಿ ಅಲ್ಲಿ ಕೂಡುವುದಿಲ್ಲ. ಆ ಕವಾಟದ ಮೂರು ತೆಳು ಎಸಳುಗಳು ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ವಯಸ್ಸಾದಂತೆ ಅವು ಸವೆದು, ಕೊಬ್ಬು ಸೇರಿ, ಉರಿಯೂತವಾಗಿ, ಅಲ್ಲಿನ ಜೀವಕೋಶಗಳೇ ಎಲುಬು ಕಟ್ಟುವ ಕೋಶಗಳಂತೆ ಆಗುತ್ತವೆ. ಎಸಳು ಗಟ್ಟಿಯಾಗಿ ಕವಾಟದ ಬಾಯಿ ಕಿರಿದಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ, ಕಿಡ್ನಿ ತೊಂದರೆ ಇದ್ದವರಿಗೆ ಬೇಗ. ಹುಟ್ಟಿನಿಂದ ಎರಡೇ ಎಸಳು ಇದ್ದವರಿಗೆ ಇನ್ನೂ ಬೇಗ.

"ದಮ್ಮು ಹತ್ತತದೇನವ್ವ?" ಅಂದರೆ "ಇಲ್ಲೋ ತಮ್ಮಾ" ಅನ್ನುತ್ತಿದ್ದಳು. ಸುಳ್ಳಲ್ಲ, ದಮ್ಮು ಹತ್ತಿಸುವ ಕೆಲಸಗಳನ್ನೇ ಒಂದೊಂದಾಗಿ ಬಿಟ್ಟಿದ್ದಳು. ಮೊದಲು ಮಾಳಿಗೆ ಹತ್ತುವುದು, ಆಮೇಲೆ ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋಗುವುದು. ಎರಡು ರೊಟ್ಟಿ ಬಡಿದು, ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕೂತದ್ದನ್ನು ಕಣ್ಣಾರೆ ನೋಡಿಯೂ ನಾನು ವಯಸ್ಸು ಅಂದುಕೊಂಡೆ. ಅದಕ್ಕೇ ಹೇಳುತ್ತೇನೆ, ದಮ್ಮು ಹತ್ತುತ್ತದಾ ಅಂತಷ್ಟೇ ಕೇಳಿ ಸುಮ್ಮನಾಗಬೇಡಿ. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಬಿಟ್ಟಿದ್ದಾರೆ ಎಂದು ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಎದೆ ಹಿಡಿದರೆ, ಕಣ್ಣು ಕತ್ತಲೆಗಟ್ಟಿ ಬಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಾಲಿಗೆ ಕೆಳಗಿಡುವ ಗುಳಿಗೆಯನ್ನು ನೀವೇ ಕೊಡಬೇಡಿ, ಈ ಕಾಯಿಲೆಯಲ್ಲಿ ಬಿಪಿ ಕುಸಿಯಬಹುದು.

ನಮಗೆ ಎಂಟು ತಿಂಗಳು ಸಿಕ್ಕಿದ್ದು ಗ್ಯಾಸಿನ ಗುಳಿಗೆ. ಸ್ಟೆತಾಸ್ಕೋಪ್ ಇಟ್ಟು ಕೇಳಿದ ಮೊದಲ ಡಾಕ್ಟರಿಗೇ ಶಬ್ದ ಗೊತ್ತಾಯಿತು. ಎಕೋ ರಿಪೋರ್ಟಿನಲ್ಲಿ ಕವಾಟದ ಬಾಯಿಯ ಅಳತೆ ನೋಡಿ: 3–4 ಚದರ ಸೆಂ.ಮೀ. ಇರಬೇಕು, 1ಕ್ಕಿಂತ ಕಡಿಮೆಯಾದರೆ ತೀವ್ರ. ಅವ್ವನದು 0.7 ಇತ್ತು.

ಕಟ್ಟಿದ್ದನ್ನು ಕರಗಿಸುವ ಗುಳಿಗೆ ಇಲ್ಲ, ಕಷಾಯವೂ ಇಲ್ಲ. ತೀವ್ರವಾಗಿ, ತ್ರಾಸೂ ಶುರುವಾದರೆ ಕವಾಟವನ್ನೇ ಬದಲಿಸಬೇಕು. ಎದೆ ತೆರೆದು ಮಾಡುತ್ತಾರೆ, ಇಲ್ಲವೇ ತೊಡೆಯ ರಕ್ತನಾಳದಿಂದ ಹೊಸ ಕವಾಟ ಒಯ್ದು ಕೂಡಿಸುತ್ತಾರೆ. ಈ ಎರಡನೆಯದನ್ನು 2002ರಲ್ಲಿ ಫ್ರಾನ್ಸಿನಲ್ಲಿ ಮೊದಲು ಮಾಡಿದರು. ತೀರಾ ವಯಸ್ಸಾದವರಿಗೆ ಹೆಚ್ಚಾಗಿ ಇದೇ ಅನುಕೂಲ, ಖರ್ಚು ಮಾತ್ರ ಜಾಸ್ತಿ. ತಪಾಸಣೆಗೆ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

"ಯಾವ ಜೀವದ್ದೋ ಅದು?" ಎಂದು ಅವ್ವ ಕೇಳಿದಳು. ಅಂಗಾಂಶದ ಕವಾಟ ಆಕಳು ಅಥವಾ ಹಂದಿಯದು, ಮುಚ್ಚಿಡದೆ ಹೇಳಿದೆವು. ಲೋಹದ್ದಾದರೆ ಬದುಕಿರುವವರೆಗೆ ರಕ್ತ ತೆಳು ಮಾಡುವ ಗುಳಿಗೆ, ಮತ್ತೆ ಮತ್ತೆ ರಕ್ತಪರೀಕ್ಷೆ. ಒಂದು ರಾತ್ರಿ ಯೋಚಿಸಿ ಅಂಗಾಂಶದ್ದೇ ಇರಲಿ ಅಂದಳು. ಹಿರಿಯರನ್ನೇ ಕೇಳಿ, ನೀವೇ ತೀರ್ಮಾನಿಸಬೇಡಿ.

ಕವಾಟ ಹಾಕಿದ ಮೇಲೆ ಹಲ್ಲು ಕೀಳಿಸುವ ಮುಂಚೆ ಆ್ಯಂಟಿಬಯೋಟಿಕ್ ಬೇಕು. ಆಸ್ಪತ್ರೆಯವರು ಕೊಟ್ಟ ಕಾರ್ಡನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಅವ್ವ ಅದನ್ನು ಎಲೆಚಂಚಿಯಲ್ಲಿ ಇಟ್ಟುಕೊಂಡಿದ್ದಾಳೆ.