ಅಟ್ಟದಿಂದ ಇಳಿಸಿದ ಗೊಂಬೆಗಳನ್ನ ಒರೆಸೋಕೆ ಹೋಗ್ಬೇಡಿ

ಹಳೇ ನಾಟಕದ ಸಾಮಾನು, ಗೊಂಬೆಗಳ ಪೆಟ್ಟಿಗೆ ಅಟ್ಟದಿಂದ ಇಳಿಸಿ ಅಂಗಳದಲ್ಲಿ ಸೇಲ್‌ಗೆ ಇಡೋಣ ಅಂತ ಹೊರಟವರು ಮೊದಲು ಮಾಡೋ ಕೆಲಸ ಒದ್ದೆ ಬಟ್ಟೆ ತಗೊಂಡು ಒರೆಸೋದು, ದಯವಿಟ್ಟು ಅದೊಂದು ಮಾಡ್ಬೇಡಿ. ನಾನೂ ಒಂದ್ಸಲ ಹಾಗೇ ಮಾಡಿ ಒಂದು ಮರದ ಗೊಂಬೆಯ ಹುಬ್ಬು, ಕಣ್ಣಿನ ಕಪ್ಪು ಎಲ್ಲಾ ಬಟ್ಟೆಗೇ ಬಂದ್ಬಿಡ್ತು, ಇವತ್ತಿಗೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಹಳೇ ಬಣ್ಣ ಎಷ್ಟೋ ಸಲ ಅಂಟಿನಲ್ಲಿ ಕಲಸಿ ಹಚ್ಚಿರೋದು, ನೀರು ತಾಗಿದ್ರೆ ಕರಗುತ್ತೆ. ಒಣಗಿದ ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದ್ರೆ ಸಾಕು. ಕಿತ್ತುಹೋದ ಬಣ್ಣನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜೋದಂತೂ ಬೇಡವೇ ಬೇಡ, ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆ ಪುಡಿ ಮೂಗಿಗೆ ಹೋಗಬಾರದು.

ತೊಗಲುಗೊಂಬೆ ಇದ್ರೆ ಇನ್ನೂ ಹುಷಾರು. ಸುರುಟಿಕೊಂಡಿದೆ ಅಂತ ಇಸ್ತ್ರಿ ಹಾಕೋದು, ಬಿಸಿಲಿಗೆ ಇಡೋದು, ಮೆತ್ತಗಾಗ್ಲಿ ಅಂತ ಎಣ್ಣೆ ಹಚ್ಚೋದು ಮೂರೂ ತಪ್ಪು. ಎಣ್ಣೆ ಹಚ್ಚಿದ್ರೆ ದಿನ ಕಳೆದ ಹಾಗೆ ತೊಗಲು ಕಪ್ಪಾಗಿ, ದೀಪದ ಬೆಳಕು ಹಾಯ್ದು ಬಣ್ಣ ಹೊಳೆಯೋ ಗುಣವೇ ಕೆಡಬಹುದು, ಅದೇ ತಾನೇ ಅದರ ಜೀವ. ಎರಡು ಬಿಳಿ ಕಾಗದದ ನಡುವೆ ಇಟ್ಟು ಮೇಲೆ ಹಗುರವಾದ ಭಾರ ಹೇರಿ ನಾಲ್ಕೈದು ದಿನ ಬಿಡಿ, ನೆಟ್ಟಗಾದಷ್ಟು ಆಗಲಿ, ಬಲವಂತ ಮಾಡಿದ್ರೆ ಮುರಿಯುತ್ತೆ. ನ್ಯೂಸ್‌ಪೇಪರ್ ಬೇಡ, ಮಸಿ ಅಂಟುತ್ತೆ.

ಮರದಲ್ಲಿ ಸಣ್ಣ ತೂತಿಂದ ಹಿಟ್ಟಿನ ಥರ ಹೊಸ ಪುಡಿ ಉದುರ್ತಾ ಇದ್ರೆ ಹುಳ ಇನ್ನೂ ಬದುಕಿದೆ ಅಂತ, ಅದನ್ನ ಬೇರೆ ಕವರ್‌ನಲ್ಲಿ ಹಾಕಿ ದೂರ ಇಡಿ, ಹಾಗೇ ಮಾರಿದ್ರೆ ತಗೊಂಡವರ ಮನೆಗೂ ಹುಳ ಕೊಟ್ಟಂಗೆ ಆಗುತ್ತೆ. ವೇಷದ ಬಟ್ಟೆ, ಉಣ್ಣೆಗೆ ನುಸಿ ಹಿಡಿದಿದ್ರೆ ಗಾಳಿ ಆಡದಂಗೆ ಕವರ್ ಕಟ್ಟಿ ಮೈನಸ್ 18 ಡಿಗ್ರಿ ಇರೋ ಫ್ರೀಜರ್‌ನಲ್ಲಿ 2 ವಾರ ಇಡಿ, ಹೊರಗೆ ತೆಗೆದ್ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಇಲ್ಲಾಂದ್ರೆ ಬಟ್ಟೆ ಮೇಲೇ ನೀರು ಕೂರುತ್ತೆ.

ಸೂತ್ರದ ಗೊಂಬೆ ದಾರ ಸಿಕ್ಕಾಗಿದ್ರೆ ಕತ್ತರಿ ಮುಟ್ಟಬೇಡಿ, ಪ್ರತಿ ದಾರದ ಉದ್ದಕ್ಕೂ ಒಂದು ಲೆಕ್ಕ ಇರುತ್ತೆ, ಒಂದು ಹೋದ್ರೆ ಕೈ ನಡಿಗೆ ಎಲ್ಲಾ ಕೆಡುತ್ತೆ. ತಾಳ್ಮೆಯಿಂದ ಬಿಡಿಸಿ, ಆಮೇಲೆ ಹಿಡಿಕೆ ಎತ್ತಿ ಹಿಡಿದು ಗೊಂಬೆನ ನಿಧಾನಕ್ಕೆ ತಿರುಗಿಸಿದ್ರೆ ದಾರಗಳೆಲ್ಲಾ ಹೆಣೆದುಕೊಂಡು ಒಂದೇ ಹುರಿ ಆಗುತ್ತೆ, ಅದನ್ನ ಹಿಡಿಕೆಗೆ ಸುತ್ತಿಡಿ. ತುಂಡಾಗಿರೋ ದಾರನ ನೀವೇ ಕಟ್ಟೋಕೆ ಹೋಗದೆ ಚೀಟಿ ಕಟ್ಟಿ ಹೇಳಿಬಿಡಿ.

ಕೆಲವು ಸಾಮಾನು ಮಾರೋಕೇ ಆಗಲ್ಲ. ಹಳೇ ಕೃತಕ ಹಿಮ ಅಂತ ಬಿಳೀ ನಾರಿನ ಡಬ್ಬ ಸಿಕ್ಕಿದ್ರೆ ಬಿಚ್ಚಬೇಡಿ, 1930-40ರ ಕಾಲದಲ್ಲಿ ಅದನ್ನ ಆಸ್ಬೆಸ್ಟಾಸ್‌ನಲ್ಲೂ ಮಾಡ್ತಿದ್ರು, ಅದರ ನಾರಿನ ಧೂಳು ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಅಪಾಯ. ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್‌ನ ಗೊಂಬೆ ತಲೆ ಕರ್ಪೂರದ ವಾಸನೆ ಬರುತ್ತೆ, ಥಟ್ ಅಂತ ಬೆಂಕಿ ಹಿಡಿಯುತ್ತೆ, ಬಿಸಿ ಹತ್ರ ಇಡಬೇಡಿ. ಫೋಮ್ ಗೊಂಬೆ ಅಂಟಂಟಾಗಿ ಪುಡಿ ಆಗ್ತಿದ್ರೆ ಅದರ ಕಾಲ ಮುಗೀತು, ಬಟ್ಟೆ ಮಾತ್ರ ಬಿಚ್ಚಿಟ್ಕೊಳ್ಳಿ. ನಿಜದಂಗೇ ಕಾಣೋ ನಾಟಕದ ಪಿಸ್ತೂಲನ್ನ ಮೇಜಿನ ಮೇಲೆ ಸುಮ್ನೆ ಇಟ್ಟುಬಿಡಬೇಡಿ.

ಸೇಲ್ ದಿನ ನೆರಳಲ್ಲಿ, ಕಣ್ಣಿನ ಎತ್ತರಕ್ಕೆ ಗೊಂಬೆ ನೇತುಹಾಕಿ, ಮೇಜಿನ ಮೇಲೆ ಮಲಗಿಸಿದ್ರೆ ಯಾರೂ ತಿರುಗಿ ನೋಡಲ್ಲ. ಬೆಲೆ ಚೀಟಿನ ದಾರದಲ್ಲೇ ಕಟ್ಟಿ, ಅಂಟಿಸಿದ್ರೆ ಕೀಳುವಾಗ ಬಣ್ಣ ಬರುತ್ತೆ. ರಾಜ ರಾಣಿ ಜೋಡಿ ಇದ್ರೆ ಒಡೆಯಬೇಡಿ. ಯಾರು ಮಾಡಿದ್ದು, ಯಾವ ನಾಟಕದ್ದು ಅಂತ ಗೊತ್ತಿದ್ದಷ್ಟು ಬರೆದಿಡಿ, ತೀರಾ ಹಳೇದು ಅನಿಸಿದ್ರೆ ಬೆಲೆ ಹಾಕೋ ಮುಂಚೆ ತಿಳಿದವರಿಗೆ ಒಂದ್ಸಲ ತೋರಿಸಿ. ಸಂಜೆ ಉಳಿದ ಕಿರೀಟ, ಶಾಲು, ಮುಖವಾಡ ಎಲ್ಲಾ ಶಾಲೆ ನಾಟಕದ ಮಕ್ಕಳಿಗೆ ಕೊಡಿ, ಆದ್ರೆ ಹಳೇ ಬಣ್ಣದ್ದನ್ನ ಮಾತ್ರ ಬಾಯಿಗೆ ಹಾಕೋ ವಯಸ್ಸಿನ ಪುಟಾಣಿಗಳ ಕೈಗೆ ಕೊಡಬೇಡಿ.