ಬಾಲ್ಯದ ಗಾಯವನ್ನು ಹೇಳದೆ ಪ್ರೇಮಕಾದಂಬರಿ ಬರೆದೆ: ನನ್ನ ಅನುಭವ

"ಫ್ಲ್ಯಾಶ್‌ಬ್ಯಾಕ್ ಇಲ್ಲದೆ ಬಾಲ್ಯದ ನೋವು ಓದುಗರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಬರೆಯುವ ಗೆಳೆಯರೆಲ್ಲ ಕೇಳಿದ್ದರು. ಗೊತ್ತಾಯಿತು. 500 ಪ್ರತಿ ಒಂದೂವರೆ ವರ್ಷದಲ್ಲಿ ಖಾಲಿಯಾಗಿವೆ.

ಕಥೆ ಇಷ್ಟು. ರಘುವಿಗೆ ಆರು ವರ್ಷವಿದ್ದಾಗ ಅಮ್ಮ ಅವನನ್ನು ಅರಸೀಕೆರೆಯ ಅಜ್ಜಿ ಮನೆಯಲ್ಲಿ ಬಿಟ್ಟು "ನಾಳೆ ಬರ್ತೀನಿ ಕಂದ" ಅಂತ ಹೋದವಳು ಬಂದದ್ದು ಏಳು ತಿಂಗಳ ಮೇಲೆ. ಶಾರದಾಳ ಅಪ್ಪ ಸಿಟ್ಟು ಬಂದರೆ ವಾರಗಟ್ಟಲೆ ಮಾತು ಬಿಡುತ್ತಿದ್ದರು. ಇಬ್ಬರೂ ಮೂವತ್ತರ ಹತ್ತಿರ ಬೆಂಗಳೂರಲ್ಲಿ ಸಿಗುತ್ತಾರೆ.

ಮೊದಲ ಕರಡಿನಲ್ಲಿ ಅರಸೀಕೆರೆಯದ್ದೇ 40 ಪುಟ. ಓದಿದವರು ಅತ್ತರು, ಪ್ರೇಮ ಶುರುವಾಗುವ ಹೊತ್ತಿಗೆ ಸುಸ್ತಾಗಿದ್ದರು. ಎರಡನೆಯದರಲ್ಲಿ ಕೌನ್ಸೆಲರ್ ಒಬ್ಬರನ್ನು ತಂದೆ. ಅವರೇ ಎಲ್ಲ ಬಿಡಿಸಿ ಹೇಳಿಬಿಟ್ಟರು. ಮೂರನೆಯದರಲ್ಲಿ ಶಾರದಾಳ ಪ್ರೀತಿಗೇ ರಘು ವಾಸಿಯಾದ. ಹಾಗೆಲ್ಲ ಆಗಲ್ಲ, ಅಲ್ವಾ?

ದಾರಿ ಸಿಕ್ಕಿದ್ದು ಒಂದು ಸಣ್ಣ ಆಟದಿಂದ. ಬಾಲ್ಯದ ನಂಟು ದೊಡ್ಡವರಾದ ಮೇಲಿನ ಪ್ರೀತಿಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತೆ ಅಂತ ಹೇಜನ್ ಮತ್ತು ಶೇವರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 1987ರಲ್ಲಿ ಒಂದು ಪ್ರಬಂಧ ಬರೆದಿದ್ದರು. ಅದಕ್ಕಾಗಿ ಅಲ್ಲಿನ ಡೆನ್ವರ್ ನಗರದ ಪತ್ರಿಕೆಯೊಂದರಲ್ಲಿ ಮೂರು ಪುಟ್ಟ ಪ್ಯಾರಾ ಹಾಕಿಸಿ, ಪ್ರೀತಿಯಲ್ಲಿ ನೀವು ಇದರಲ್ಲಿ ಯಾರು ಅಂತ ಓದುಗರನ್ನೇ ಕೇಳಿದ್ದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ನೆಮ್ಮದಿಯ ಪ್ಯಾರಾ ಆರಿಸಿಕೊಂಡರು, ಕಾಲು ಭಾಗ ದೂರ ಸರಿಯುವವರದ್ದು, ಉಳಿದವರು ಬಿಟ್ಟುಹೋಗ್ತಾರೆ ಅನ್ನುವ ಭಯದ್ದು. ಅದೇ ಪ್ಯಾರಾಗಳನ್ನು ನನ್ನ ಪಾತ್ರಗಳ ಕೈಗೆ ಕೊಟ್ಟೆ. ರಘು ನೆಮ್ಮದಿಯದ್ದನ್ನೇ ಆರಿಸಿದ! ಅವನ ಗಾಯ ಅವನಿಗೇ ಗೊತ್ತಿಲ್ಲ ಅಂತ ಆವತ್ತು ಹೊಳೆಯಿತು.

ಆಮೇಲೆ ಅವನು ತನ್ನ ನೋವಿನ ಬಗ್ಗೆ ಯೋಚಿಸುವ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಬದಲಿಗೆ ಅವನಿಗೊಂದು ಚಾಳಿ ಕೊಟ್ಟೆ. ಭಾನುವಾರ ಸಂಜೆ ಶಾರದಾ ತುಮಕೂರಿಗೆ ಹೊರಡುವ ಮುಂಚೆ ಚಾರ್ಜರ್‌ಗೋ ಚಪ್ಪಲಿಗೋ ಜಗಳ ತೆಗೆಯುತ್ತಾನೆ, ಆಮೇಲೆ ಮಾತು ಬಿಡುತ್ತಾನೆ. ಅವಳಿಗೆ ಆ ಮೌನವೇ ತಡೆಯಲ್ಲ, ತಪ್ಪಿಲ್ಲದಿದ್ದರೂ ಕ್ಷಮೆ ಕೇಳುತ್ತಾಳೆ. ಅಪ್ಪನ ಸಿಟ್ಟನ್ನು ಸ್ಕೂಟರ್ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಗುರುತಿಸುತ್ತಿದ್ದ ಹುಡುಗಿ ಅವಳು. ಅರಸೀಕೆರೆಯ ಏಳು ತಿಂಗಳಿಗೆ ಈಗ ಎರಡೇ ಸಾಲು, ಅದೂ ಅಜ್ಜಿ ಅವರೆಕಾಯಿ ಸುಲಿಯುತ್ತ ಶಾರದಾಗೆ ಹೇಳುವುದು.

ಇನ್ನೊಂದು. ರಘು ಎಲ್ಲೂ "ನಾಳೆ" ಅನ್ನುವುದಿಲ್ಲ. "ಬುಧವಾರ" ಅನ್ನುತ್ತಾನೆ, "ಇನ್ನೊಂದಿನ" ಅನ್ನುತ್ತಾನೆ. ಧಾರವಾಡದ ಓದುಗರೊಬ್ಬರು ಇದನ್ನು ಹಿಡಿದು ಫೋನ್ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಆದರೂ "ನಾಳೆ" ಅನ್ನುವ ಮಾತು ಅವನ ಬಾಯಲ್ಲಿ ಒಂದೇ ಒಂದು ಸಲ ಬರುತ್ತದೆ. ಎಲ್ಲಿ, ಅದಕ್ಕೆ ಹೇಗೆ ತಯಾರಿ ಮಾಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ.

ದುಡ್ಡಿನ ಮಾತು. ಪ್ರಕಾಶಕರೊಬ್ಬರು ಎಂಟು ತಿಂಗಳು ಇಟ್ಟುಕೊಂಡು "ನಾಯಕ ಕಾರಣವಿಲ್ಲದೆ ಜಗಳ ಆಡ್ತಾನೆ" ಅಂತ ವಾಪಸ್ ಕಳಿಸಿದರು. ನಾನೇ ಅಚ್ಚು ಹಾಕಿಸಿದೆ. ಡಿಟಿಪಿ (ಅಕ್ಷರ ಜೋಡಣೆ), ಮುಖಪುಟ, ಡೆಮಿ ಅಳತೆಯ (ಕಾದಂಬರಿಗಳ ಮಾಮೂಲಿ ಗಾತ್ರ) ಇನ್ನೂರು ಚಿಲ್ಲರೆ ಪುಟ, ಎಲ್ಲ ಸೇರಿ 60 ಸಾವಿರದ ಆಸುಪಾಸು. ಬೆಲೆ 220. ಅಂಗಡಿಗಳಿಗೆ ಶೇ. 40 ಬಿಡಬೇಕಾಯಿತು, ಇನ್ನೂರರಷ್ಟು ಪ್ರತಿ ನಾನೇ ಕೊರಿಯರ್ ಮಾಡಿದೆ. ಕೊನೆಗೆ 15 ಸಾವಿರ ಉಳಿದಿರಬೇಕು.

ಬರೆಯುವ ಮಧ್ಯದಲ್ಲಿ ಸುಮ್ನೆ ರಘುವಿನ ಅಮ್ಮನ ಕಡೆಯಿಂದಲೂ ಕಥೆ ಬರೆದು ನೋಡಿದೆ. ಕ್ಷಯ ಬಂದು ಆಸ್ಪತ್ರೆಯಲ್ಲಿದ್ದಳು, ಮಗುವಿಗೆ ಯಾರೂ ಹೇಳಲಿಲ್ಲ. ಆದರೆ ಅದನ್ನು ಓದಿದರೆ ರಘುವಿನ ಜಗಳ ಸಣ್ಣದಾಗಿ ಕಾಣುತ್ತೆ. ಹೊರಗಿಟ್ಟೆ. ಅದೀಗ ಬೇರೆ ಕಾದಂಬರಿಯಾಗಿ ಬೆಳೆಯುತ್ತಿದೆ, 30 ಪುಟ ಆಗಿದೆ.